ಮೂರು ದಿನದ ದದ್ದು

ಸಂಜೆ ದೋಸೆಗೆ ರುಬ್ಬಲು ಗ್ರೈಂಡರ್ ಹಾಕಿದರೆ ಸಾಕು, ಆ ಹುಡುಗಿ ಎಲ್ಲಿದ್ದರೂ ಬಂದು ಅದರ ಮೈಗೆ ಅಂಗೈ ಒತ್ತಿ ನಿಲ್ಲುತ್ತಿದ್ದಳು. ಆಗ ಅವಳಿಗೆ ಆರು ವರ್ಷ. ದಪ್ಪ ಗಾಜಿನ ಕನ್ನಡಕ, ಎರಡೂ ಕಿವಿಯ ಹಿಂದೆ ಯಂತ್ರ. ಕಣ್ಣು ಮುಚ್ಚಿಕೊಂಡು, ತುಟಿ ಒಂದಿಷ್ಟು ಬಿಟ್ಟುಕೊಂಡು, ಆ ನಡುಕವನ್ನು ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಭುಜಕ್ಕೆ ಏರಿಸಿಕೊಳ್ಳುತ್ತಿರುವಂತೆ ಕಾಣುತ್ತಿದ್ದಳು. ಹಿಟ್ಟು ನುಣ್ಣಗಾಗುತ್ತ ಬಂದ ಹಾಗೆ ಕಲ್ಲಿನ ಸದ್ದು ಬದಲಾಗುತ್ತದಲ್ಲ, ಅದು ನನ್ನ ಕಿವಿಗೆ ಬೀಳುವ ಮೊದಲೇ ಅವಳ ಅಂಗೈಗೆ ಗೊತ್ತಾಗುತ್ತಿತ್ತು. ಅಮ್ಮನ ಸೆರಗು ಎಳೆದು, ಸಾಕು ಎನ್ನುವಂತೆ ಕೈ ಆಡಿಸುತ್ತಿದ್ದಳು. ತಾಯಿ ಎರಡು ಬೆರಳಲ್ಲಿ ಹಿಟ್ಟು ಉಜ್ಜಿ ನೋಡಿದರೆ ಹದ ಸರಿಯಾಗಿಯೇ ಇರುತ್ತಿತ್ತು.

ಅವಳು ನನ್ನ ಚಿಕ್ಕಪ್ಪನ ಮಗಳ ಮಗಳು. ಅರಸೀಕೆರೆ ಕಡೆಯ ಹಳ್ಳಿ. ಹುಟ್ಟಿದ್ದು 2010ರ ಆಗಸ್ಟಿನಲ್ಲಿ. ಹುಟ್ಟಿದಾಗ ತೂಕ ಕಡಿಮೆ, ಎಡಗಣ್ಣಿನ ಪಾಪೆಯ ನಡುವೆ ಹಾಲಿನ ಹನಿ ಇಟ್ಟಂತೆ ಬಿಳಿ. ವರ್ಷ ತುಂಬುವ ಹೊತ್ತಿಗೆ, ಬಾಗಿಲು ದಢಾರೆಂದರೂ ಮಗು ತಿರುಗಿ ನೋಡುವುದಿಲ್ಲ ಎಂಬುದು ಮನೆಯವರಿಗೆ ತಿಳಿಯಿತು. ಕಾರಣ ಏನೆಂದು ಊರಿಗೆ ಊರೇ ಹೇಳಿತು. ಅವಳು ಹುಟ್ಟಿದ ವರ್ಷ ಜನವರಿ 15ರಂದು, ಸಂಕ್ರಾಂತಿಯ ಮಾರನೆಯ ದಿನ, ಸೂರ್ಯಗ್ರಹಣ. ಬಸುರಿ ಹೆಂಗಸು ಕತ್ತಲೆಕೋಣೆಯಲ್ಲಿ ಇರುವುದು ಬಿಟ್ಟು, ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ಎಳೆದುಕೊಂಡು ಬಂದಿದ್ದಳು. ಎಷ್ಟು ಹೊತ್ತು? ಎರಡು ನಿಮಿಷ ಇರಬಹುದು. ಆ ಎರಡು ನಿಮಿಷವನ್ನು ಅವಳಿಗೆ ಏಳೆಂಟು ತಿಂಗಳ ಕಾಲ ದಿನವೂ ನೆನಪಿಸಿದರು.

ಕಣ್ಣಿನ ಆಸ್ಪತ್ರೆಯಲ್ಲಿ ಪೊರೆ ತೆಗೆಯುವ ಮುಂಚೆ ಒಬ್ಬ ಡಾಕ್ಟರು ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟು, ಆಮೇಲೆ ತಾಯಿಯ ಕಡೆ ತಿರುಗಿ ಕೇಳಿದರಂತೆ: ‘ಮೊದಲ ಮೂರು ತಿಂಗಳಲ್ಲಿ ನಿಮ್ಮ ಮೈಮೇಲೆ ಏನಾದರೂ ಎದ್ದಿತ್ತಾಮ್ಮ?’

‘ಮೂರು ದಿನ ಅಕ್ಕ,’ ಅಂದಳು ನನ್ನ ತಂಗಿ, ಅದನ್ನು ನನಗೆ ಹೇಳುತ್ತ. ‘ಮುಖದ ಮೇಲೆ ಒಂದಿಷ್ಟು ಕೆಂಪು, ಕಿವಿ ಹಿಂದೆ ಸಣ್ಣ ಗಂಟು. ಒಂದು ದಿನ ಮೈ ಬೆಚ್ಚಗಿತ್ತು. ನಾನು ಅಡುಗೆ ಸಹ ಬಿಡಲಿಲ್ಲ.’ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದಳು: ‘ಎಲ್ಲರೂ ನೀನು ಏನು ಮಾಡಿದೆ ಅಂತ ಕೇಳಿದ್ರು. ನಿನಗೆ ಏನಾಗಿತ್ತು ಅಂತ ಕೇಳಿದ್ದು ಅವರೊಬ್ಬರೇ.’

ಈ ಎರಡು ಪ್ರಶ್ನೆಗಳು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಏನು ಮಾಡಿದೆ, ಏನಾಗಿತ್ತು. ಕೇಳಿದರೆ ಒಂದೇ ಥರ ಕಾಣುತ್ತವೆ, ಎರಡೂ ಕಾರಣವನ್ನೇ ಹುಡುಕುತ್ತವೆ. ಒಂದರಿಂದ ತಾಯಿಯ ತಲೆ ತಗ್ಗುತ್ತದೆ. ಇನ್ನೊಂದರಿಂದ, ಮರೆತೇ ಹೋಗಿದ್ದ ಡಿಸೆಂಬರಿನ ಮೂರು ದಿನ ನೆನಪಿಗೆ ಬರುತ್ತದೆ.

ಆ ಎರಡನೆಯ ಪ್ರಶ್ನೆಯನ್ನು ವೈದ್ಯಲೋಕ ಕೇಳಲು ಕಲಿತದ್ದು 1941ರಲ್ಲಿ, ಸಿಡ್ನಿಯಲ್ಲಿ. ನಾರ್ಮನ್ ಗ್ರೆಗ್ ಅಲ್ಲಿನ ಕಣ್ಣಿನ ಡಾಕ್ಟರು. ಹುಟ್ಟಿನಿಂದಲೇ ಪೊರೆ ಇರುವ ಶಿಶುಗಳು ಆ ವರ್ಷ ಒಂದರ ಹಿಂದೆ ಒಂದು ಅವರ ಬಳಿ ಬರತೊಡಗಿದವು. ಪೊರೆಯ ಬಗೆಯೇ ವಿಚಿತ್ರ, ಮಕ್ಕಳು ನರಪೇತಲ, ಅನೇಕರ ಹೃದಯದಲ್ಲೂ ದೋಷ. ವಂಶದಲ್ಲಿ ಯಾರಿಗೂ ಇಲ್ಲದ್ದು ಇಷ್ಟು ಮನೆಗಳಲ್ಲಿ ಒಟ್ಟಿಗೇ ಏಕೆ? ಅವರ ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಕೂತ ತಾಯಂದಿರು ‘ನನಗೂ ಬಸುರಿನಲ್ಲಿ ಜರ್ಮನ್ ದಡಾರ ಬಂದಿತ್ತು’ ಎಂದು ಮಾತಾಡಿಕೊಂಡದ್ದು ಗ್ರೆಗ್ ಕಿವಿಗೆ ಬಿತ್ತು ಎಂದು ಹೇಳುವುದುಂಟು. ಕಿವಿಗೆ ಬಿದ್ದದ್ದೋ ಕೇಳಿ ತಿಳಿದದ್ದೋ, ಅಂತೂ ಅವರು ತಾಯಂದಿರ ಮಾತನ್ನು ನಂಬಿದರು. ಬೇರೆ ಡಾಕ್ಟರುಗಳಿಗೆ ಬರೆದು ವಿವರ ತರಿಸಿಕೊಂಡರು. 78 ಶಿಶುಗಳು, ಅದರಲ್ಲಿ 68 ತಾಯಂದಿರಿಗೆ ಬಸುರಿನ ಮೊದಲ ತಿಂಗಳುಗಳಲ್ಲಿ ಆ ಜರ್ಮನ್ ದಡಾರ, ಅಂದರೆ ರುಬೆಲ್ಲಾ, ಬಂದಿತ್ತು. 1940ರಲ್ಲಿ ಆಸ್ಟ್ರೇಲಿಯಾದ ಉದ್ದಗಲಕ್ಕೂ ಆ ಕಾಯಿಲೆ ಹಬ್ಬಿತ್ತು. 1941ರ ಅಕ್ಟೋಬರ್ 15ರಂದು ಮೆಲ್ಬರ್ನಿನಲ್ಲಿ ಕಣ್ಣಿನ ತಜ್ಞರ ಸಭೆಯ ಮುಂದೆ ಗ್ರೆಗ್ ತಮ್ಮ ಪ್ರಬಂಧ ಓದಿದರು. ದೊಡ್ಡ ದೊಡ್ಡ ವೈದ್ಯ ಪತ್ರಿಕೆಗಳು ಇದು ಸಾಬೀತಾಗಿಲ್ಲ ಎಂದೇ ಕೆಲವು ವರ್ಷ ಹೇಳಿದವು. ಮಕ್ಕಳಿಗೆ ಬಂದುಹೋಗುವ ಅಷ್ಟು ಸೌಮ್ಯವಾದ ಕಾಯಿಲೆ, ತಾಯಿಯ ಗರ್ಭ ದಾಟಿ ಇಷ್ಟು ಮಾಡೀತೇ? ಅದೂ ಹೆಂಗಸರ ನೆನಪನ್ನು ನಂಬಿ ಹೇಳಿದ ಮಾತು!

ಅಷ್ಟಾವಕ್ರನ ಕಥೆ ನಮಗೆಲ್ಲ ಗೊತ್ತು. ಗರ್ಭದಲ್ಲಿದ್ದ ಮಗು ತಂದೆಯ ವೇದಪಾಠದ ತಪ್ಪು ಎತ್ತಿ ತೋರಿಸಿತು, ತಂದೆ ಕಹೋಡ ಸಿಟ್ಟಾಗಿ ಶಪಿಸಿದ, ಮಗು ಎಂಟು ಕಡೆ ಡೊಂಕಾಗಿ ಹುಟ್ಟಿತು. ಗರ್ಭದೊಳಗೆ ನಡೆದದ್ದು ಜೀವಮಾನವಿಡೀ ಮೈಯಲ್ಲಿ ಉಳಿಯುತ್ತದೆ ಎಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು, ಆ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಕಥೆಯಲ್ಲಿ ತಪ್ಪು ಮಾಡಿದವರು ಒಬ್ಬರು ಇರಲೇಬೇಕು. ಮಗುವಿನ ಬಾಯಿ ದೊಡ್ಡದಾಯಿತು, ಇಲ್ಲವೇ ತಂದೆಯ ಕೋಪ ದೊಡ್ಡದಾಯಿತು. ಒಂಬತ್ತು ತಿಂಗಳು ಹೊತ್ತ ಸುಜಾತೆಯ ಹತ್ತಿರ ಆ ದಿನಗಳಲ್ಲಿ ಏನಾಯಿತಮ್ಮ ಎಂದು ಆ ಕಥೆಯಲ್ಲಿ ಯಾರೂ ಕೇಳುವುದಿಲ್ಲ.

ಗ್ರೆಗ್ ಹೇಳಿದ್ದಕ್ಕೆ ಇನ್ನೊಂದು ಸಾಕ್ಷಿ ಬಂದದ್ದು ಆಸ್ಪತ್ರೆಯಿಂದಲ್ಲ, ಜನಗಣತಿಯ ಹಳೆಯ ಕಡತಗಳಿಂದ. ಎಚ್. ಒ. ಲ್ಯಾಂಕಾಸ್ಟರ್ ಎಂಬ ಸಿಡ್ನಿಯ ಸಂಖ್ಯಾಶಾಸ್ತ್ರಜ್ಞ ಆಸ್ಟ್ರೇಲಿಯಾದ ಗಣತಿಗಳಲ್ಲಿ ಕಿವುಡರ ಲೆಕ್ಕ ತೆಗೆದು ನೋಡಿದರು. 1911ರ ಗಣತಿಯಲ್ಲಿ 10ರಿಂದ 14 ವಯಸ್ಸಿನವರಲ್ಲಿ ಕಿವುಡರ ಸಂಖ್ಯೆ ಇದ್ದಕ್ಕಿದ್ದಂತೆ ಎದ್ದು ನಿಂತಿತ್ತು. 1921ರ ಗಣತಿಯಲ್ಲಿ ಆ ಉಬ್ಬು 20ರಿಂದ 24 ವಯಸ್ಸಿಗೆ ಸರಿದಿತ್ತು. ಅದೇ ಮಕ್ಕಳು ಹತ್ತು ವರ್ಷ ದೊಡ್ಡವರಾಗಿದ್ದರು. ಕಿವುಡರ ಶಾಲೆಗಳ ದಾಖಲೆ ತೆಗೆದರೆ, ಅವರಲ್ಲಿ ಬಹಳ ಮಂದಿ 1899ರ ಸುಮಾರಿಗೆ ಹುಟ್ಟಿದವರು. 1951ರಲ್ಲಿ ಲ್ಯಾಂಕಾಸ್ಟರ್ ಇದನ್ನು ರುಬೆಲ್ಲಾದ ಜೊತೆಗೆ ಜೋಡಿಸಿ ಪ್ರಕಟಿಸಿದರು. ನಲವತ್ತು ವರ್ಷ ಆ ಅಂಕಿಗಳು ಸರ್ಕಾರದ ಪುಸ್ತಕದಲ್ಲಿ ಎಲ್ಲರ ಕಣ್ಣೆದುರಿಗೇ ಇದ್ದವು. ಎಣಿಸಿದವರು ಎಣಿಸಿ ಮುಚ್ಚಿಟ್ಟಿದ್ದರು. ನಾನು ಈ ಪುಟ್ಟ ವಿವರವನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. 1899ರಲ್ಲಿ ಹುಟ್ಟಿದ ಆ ಮಕ್ಕಳ ತಾಯಂದಿರು ಏನೆಂದುಕೊಂಡು ಸತ್ತರೋ! ಯಾವ ಎರಡು ನಿಮಿಷವನ್ನು ನೆನೆಸಿಕೊಂಡು ತಮ್ಮನ್ನು ತಾವೇ ಹಳಿದುಕೊಂಡರೋ!

ನಮ್ಮ ಹಳ್ಳಿಗಳಲ್ಲಿ ಈ ಕಾಯಿಲೆಗೆ ಪ್ರತ್ಯೇಕ ಹೆಸರೇ ಇಲ್ಲ. ಗಂಧೆ ಎದ್ದಿದೆ ಅನ್ನುತ್ತಾರೆ, ಅಮ್ಮ ಬಂದಿದ್ದಾಳೆ ಅನ್ನುತ್ತಾರೆ, ಇಲ್ಲವೇ ದಡಾರದ ಲೆಕ್ಕಕ್ಕೆ ಸೇರಿಸುತ್ತಾರೆ. ಸೋಂಕು ತಗಲಿದವರಲ್ಲಿ ಎಷ್ಟೋ ಜನಕ್ಕೆ ದದ್ದು ಸಹ ಏಳುವುದಿಲ್ಲ. ಹೀಗೆ ಹೆಸರೂ ಇಲ್ಲದೆ ಬಂದು ಹೋಗುವ ಈ ವೈರಸ್ಸು ಬಸುರಿನ ಮೊದಲ ಹತ್ತು ವಾರಗಳಲ್ಲಿ ಬಂದರೆ, ಹುಟ್ಟುವ ಮಕ್ಕಳಲ್ಲಿ ನೂರಕ್ಕೆ ತೊಂಬತ್ತರವರೆಗೂ ಏನಾದರೊಂದು ತೊಂದರೆ ಉಳಿಯಬಹುದು. ನಾಲ್ಕು ತಿಂಗಳು ದಾಟಿದ ಮೇಲೆ ಬಂದರೆ ಅಪಾಯ ಬಹಳ ವಿರಳ. ಸೀಮಂತ ಮಾಡುವುದು ಐದರಲ್ಲೋ ಏಳರಲ್ಲೋ. ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಬಯಕೆಯ ಅಡುಗೆ ಬಡಿಸಿ, ಎಲ್ಲರೂ ಅವಳನ್ನು ಬಸುರಿ ಎಂದು ಕಾಣಲು ಶುರು ಮಾಡುವ ಹೊತ್ತಿಗೆ ಈ ಗಂಡಾಂತರದ ಬಾಗಿಲು ಆಗಲೇ ಮುಚ್ಚಿರುತ್ತದೆ. ಬಾಗಿಲು ತೆರೆದಿದ್ದ ವಾರಗಳಲ್ಲಿ ಅವಳು ನೀರು ಸೇದುತ್ತ, ಬಸ್ಸಿನಲ್ಲಿ ನಿಂತುಕೊಂಡು ಪ್ರಯಾಣ ಮಾಡುತ್ತ, ಮುಟ್ಟು ನಾಲ್ಕು ದಿನ ತಡವಾಯಿತೇನೋ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿರುತ್ತಾಳೆ. ಕಣ್ಣಿನ ಮಸೂರ, ಹೃದಯದ ಗೋಡೆ, ಕಿವಿಯೊಳಗಿನ ಶಂಖ, ಎಲ್ಲ ಮೈದಳೆಯುವುದು ಯಾರಿಗೂ ಗೊತ್ತಿಲ್ಲದ ಆ ದಿನಗಳಲ್ಲೇ.

ಒಳಗೆ ಆಗುವುದೇನು? ವೈರಸ್ಸು ಭ್ರೂಣದ ಜೀವಕೋಶಗಳಲ್ಲಿ ಸೇರಿಕೊಂಡು ಅವು ಒಡೆದು ಎರಡಾಗುವ ವೇಗವನ್ನು ತಗ್ಗಿಸುತ್ತದೆ. ಯಾವ ಅಂಗ ಆ ವಾರ ರೂಪುಗೊಳ್ಳುತ್ತಿತ್ತೋ ಅದಕ್ಕೆ ಬೇಕಾದಷ್ಟು ಕೋಶಗಳು ಸಿಗುವುದಿಲ್ಲ. ಕೂರಿಗೆಯಲ್ಲಿ ರಾಗಿ ಬಿತ್ತುವಾಗ ಒಂದು ಕೊಳವೆ ಕಟ್ಟಿಕೊಂಡರೆ ಬಿತ್ತಿದ ದಿನ ಯಾರಿಗೂ ತಿಳಿಯದು. ಹೊಲ ಎಲ್ಲ ಕಡೆ ಒಂದೇ ಥರ ಕಾಣುತ್ತದೆ. ಪೈರು ಎದ್ದ ಮೇಲೆ ಆ ಒಂದು ಸಾಲು ಖಾಲಿ. ರುಬೆಲ್ಲಾದ್ದೂ ಹಾಗೇ. ಪೊರೆ ಹುಟ್ಟಿದ ವಾರದಲ್ಲಿ ಕಾಣಬಹುದು. ಕಿವುಡುತನ ಗೊತ್ತಾಗಲು ಮಾತಿನ ಕಾಲ ಬರಬೇಕು. ಕಲಿಕೆಯ ತೊಡಕು ಗೊತ್ತಾಗಲು ಶಾಲೆಯ ಕಾಲ ಬರಬೇಕು. ಇದಲ್ಲದೆ ವೈರಸ್ಸು ಹುಟ್ಟಿದ ಮೇಲೂ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷದವರೆಗೂ ಮಗುವಿನ ಮೈಯಲ್ಲೇ ಇರುತ್ತದೆ. ತಾಯಿಗೆ ಮೂರು ದಿನದ ನೆಂಟ, ಮಗುವಿಗೆ ಮನೆಯವನೇ ಆಗಿಬಿಟ್ಟಿರುತ್ತಾನೆ.

1964 ಮತ್ತು 65ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಭಾರೀ ಪ್ರಮಾಣದಲ್ಲಿ ಹಬ್ಬಿ, ಸುಮಾರು 20 ಸಾವಿರ ಮಕ್ಕಳು ಅದರ ಗುರುತು ಹೊತ್ತು ಹುಟ್ಟಿದರು. ನ್ಯೂಯಾರ್ಕಿನ ಮನೋವೈದ್ಯೆ ಸ್ಟೆಲ್ಲಾ ಚೆಸ್ ಅವರಲ್ಲಿ 243 ಮಕ್ಕಳನ್ನು ಹತ್ತಿರದಿಂದ ನೋಡಿದರು. ಕಣ್ಣು ಕಿವಿಗಳಾಚೆಗೆ ಇನ್ನೇನೋ ಇದೆ ಎಂದು ಅವರಿಗೆ ಕಂಡಿತು. 10 ಮಕ್ಕಳಲ್ಲಿ ಆಟಿಸಂ, ಇನ್ನು 8 ಮಕ್ಕಳಲ್ಲಿ ಅದರ ಭಾಗಶಃ ಲಕ್ಷಣ. ಅದು ಆ ಕಾಲಕ್ಕೆ ಯಾರೂ ನಿರೀಕ್ಷಿಸದಷ್ಟು ದೊಡ್ಡ ಸಂಖ್ಯೆ. ಆಟಿಸಂಗೆ ತಾಯಿಯ ತಣ್ಣನೆಯ ಸ್ವಭಾವವೇ ಕಾರಣ ಎಂದು ತಜ್ಞರೆನಿಸಿಕೊಂಡವರು ಹೇಳುತ್ತಿದ್ದ ಕಾಲ ಅದು ಎಂಬುದನ್ನು ನೆನಪಿಡಬೇಕು. ಅಲ್ಲೂ ‘ಏನು ಮಾಡಿದೆ’ ಎಂಬುದೇ ಮೊದಲ ಪ್ರಶ್ನೆಯಾಗಿತ್ತು. ಚೆಸ್ ಆ ಮಕ್ಕಳನ್ನು ಕೆಲವು ವರ್ಷ ಬಿಟ್ಟು ಮತ್ತೆ ನೋಡಿದರು. ಕೆಲವರು ಆ ಲಕ್ಷಣಗಳಿಂದ ಹೊರಬಂದಿದ್ದರು, ಮೊದಲು ಇಲ್ಲದ ಕೆಲವರಲ್ಲಿ ಅವು ಹೊಸದಾಗಿ ಕಾಣಿಸಿಕೊಂಡಿದ್ದವು. ಮೂರನೆಯ ವಯಸ್ಸಿಗೆ ಬರೆದ ಚೀಟಿ ಎಂಟನೆಯ ವಯಸ್ಸಿಗೆ ಸುಳ್ಳಾಗಬಹುದು, ಎರಡೂ ದಿಕ್ಕಿನಲ್ಲಿ. ಇದನ್ನು ಪ್ರತಿ ಮಕ್ಕಳ ಡಾಕ್ಟರರ ಮೇಜಿನ ಮೇಲೆ ಬರೆದಿಡಬೇಕು ಅನಿಸುತ್ತದೆ ನನಗೆ. ಈ ಮಗು ಮಾತಾಡುವುದಿಲ್ಲ, ಈ ಮಗು ಕಲಿಯುವುದಿಲ್ಲ ಎಂದು ಎರಡು ನಿಮಿಷದಲ್ಲಿ ಹೇಳಿ ಕಳಿಸಿದ ಮಾತನ್ನು ಎಷ್ಟೋ ತಾಯಂದಿರು ಇಪ್ಪತ್ತು ವರ್ಷ ಹೊತ್ತು ತಿರುಗುತ್ತಾರೆ.

ಸಿಡ್ನಿಯ ಆ ಮೊದಲ ಶಿಶುಗಳು ಏನಾದರು? ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಇದು. ಮಾರ್ಗರೆಟ್ ಮೆನ್ಸರ್ ಎಂಬ ವೈದ್ಯೆ ಮತ್ತು ಅವರ ಜೊತೆಗಾರರು ಆ ಮಕ್ಕಳಲ್ಲಿ 50 ಮಂದಿಯನ್ನು ಇಪ್ಪತ್ತೈದನೆಯ ವಯಸ್ಸಿನ ಸುಮಾರಿಗೆ ಹುಡುಕಿಕೊಂಡು ಹೋದರು. 1967ರಲ್ಲಿ ವರದಿ ಬಂತು. ಹೆಚ್ಚುಕಡಿಮೆ ಎಲ್ಲರೂ ಕಿವುಡರು. ಆದರೆ ಬಹುಪಾಲು ಜನ ಕೆಲಸದಲ್ಲಿದ್ದರು, ಕೆಲವರು ಮದುವೆಯಾಗಿದ್ದರು. ಚಿಕ್ಕಂದಿನಲ್ಲಿ ಅವರ ಬಗ್ಗೆ ಹೇಳಿದ್ದ ಭವಿಷ್ಯಕ್ಕಿಂತ ಅವರ ಬದುಕು ಎಷ್ಟೋ ಚೆನ್ನಾಗಿತ್ತು. ಅಲ್ಲಿಗೆ ನಿಲ್ಲಿಸಲಿಲ್ಲ. ಐವತ್ತನೆಯ ವಯಸ್ಸಿನಲ್ಲಿ ಮತ್ತೆ ನೋಡಿದರು. ಅರವತ್ತರಲ್ಲಿ, 2002ರ ವರದಿಯ ಹೊತ್ತಿಗೆ, 32 ಮಂದಿಯನ್ನು ಮತ್ತೆ ಕಂಡರು. ಅವರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ, ಸುಮಾರು ಅಷ್ಟೇ ಜನಕ್ಕೆ ಥೈರಾಯ್ಡ್ ತೊಂದರೆ. ಹೆಂಗಸರಲ್ಲಿ ಬಹುಪಾಲು ಮಂದಿಗೆ ಮುಟ್ಟು ಬೇಗ ನಿಂತಿತ್ತು. 1940ರ ಒಂದು ವಾರ, ಅವರ ತಾಯಿಯ ಮುಖದ ಮೇಲೆ ಎದ್ದು ಮಾಯವಾದ ಕೆಂಪು, ಅರವತ್ತು ವರ್ಷದ ಮೇಲೆ ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುತ್ತಿತ್ತು.

ಒಂದು ಮಗುವನ್ನು ಅರವತ್ತು ವರ್ಷ ನೋಡುವುದು ಎಂದರೇನು? ಗ್ರೆಗ್ 1966ರಲ್ಲಿ ತೀರಿಕೊಂಡರು. ಅವರ ಕೈಯಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು ಕಡತ ತೆಗೆದುಕೊಂಡರು. ವಿಳಾಸ ಬದಲಾದವರನ್ನು ಪತ್ತೆ ಮಾಡಿದರು, ಕೈಸನ್ನೆಯಲ್ಲಿ ಮಾತಾಡುವವರ ಜೊತೆ ಕೂತು ಪ್ರಶ್ನೆ ಕೇಳಿದರು. ಅದನ್ನು ಸಂಶೋಧನೆ ಎಂದು ಕರೆಯುತ್ತಾರೆ. ನನಗೆ ಅದು ಮನೆತನವೊಂದು ದೇವರ ದೀಪವನ್ನು ಒಬ್ಬರಾದ ಮೇಲೆ ಒಬ್ಬರು ಆರದಂತೆ ಕಾಯ್ದುಕೊಂಡು ಬಂದ ಹಾಗೆ ಕಾಣುತ್ತದೆ. ನಮ್ಮಲ್ಲಿ ಕಾಯಿಲೆಯ ಲೆಕ್ಕ ಇಡುವುದು ಸಾವಿಗೆ, ಇಲ್ಲವೇ ಗುಣವಾಗಿ ಮನೆಗೆ ಹೋದದ್ದಕ್ಕೆ. ಸಾಯದೆ, ಪೂರ್ತಿ ಗುಣವೂ ಆಗದೆ, ಬೆಳೆಯುತ್ತಲೇ ಇರುವ ಮಗುವಿಗೆ ನಮ್ಮ ಯಾವ ರಿಜಿಸ್ಟರಿನಲ್ಲೂ ಒಂದು ಕಾಲಂ ಇಲ್ಲ. ಆ ಕಾಲಂ ಇರುವುದು ತಾಯಂದಿರ ಬಳಿ. ನನ್ನ ತಂಗಿಯ ಹತ್ತಿರ ಬೈಂಡಿಂಗ್ ಹಾಕಿಸಿದ ಇನ್ನೂರು ಪುಟದ ನೋಟ್‌ಬುಕ್ಕಿದೆ. ‘ಎಡಗಣ್ಣು ಒತ್ತಡ 16.’ ‘ಹೊಸ ಮೋಲ್ಡ್, ಬಲಗಿವಿ, ಸ್ವಲ್ಪ ನೋವು.’ ‘ಸಕ್ಕರೆ, ಊಟಕ್ಕೆ ಮುಂಚೆ, 92.’ ಇವುಗಳ ನಡುವೆ ಒಂದು ಪುಟದಲ್ಲಿ ದೊಡ್ಡ ಅಕ್ಷರದಲ್ಲಿ: ‘ಇವತ್ತು ಅಜ್ಜಿ ಅಂದಳು.’

ಆ ಒಂದು ಪದಕ್ಕೆ ಅವಳು ಮೈಸೂರಿನಲ್ಲಿ ಮೂರು ವರ್ಷ ಇದ್ದಳು. ಕಿವುಡು ಮಕ್ಕಳ ಜೊತೆಗೆ ತಾಯಂದಿರಿಗೂ ಪಾಠ ಹೇಳಿಕೊಡುವ ಶಾಲೆಗಳು ಅಲ್ಲಿವೆ. ಗಂಡ ಊರಲ್ಲಿ, ಮಗ ಅಜ್ಜಿಯ ಹತ್ತಿರ. ಇವಳು ಒಂದು ಬಾಡಿಗೆ ಕೋಣೆಯಲ್ಲಿ ಮಗಳ ಅಂಗೈಯನ್ನು ತನ್ನ ಗಂಟಲ ಮೇಲಿಟ್ಟುಕೊಂಡು ‘ಅ’ ಎಂದು ನೂರು ಸಲ ಹೇಳುತ್ತಿದ್ದಳು. ಗ್ರೈಂಡರಿಗೆ ಕೈ ಒತ್ತುವುದನ್ನು ಮಗು ಕಲಿತದ್ದು ಅಲ್ಲಿಯೇ ಇರಬೇಕು.

ರುಬೆಲ್ಲಾ ಒಂದರದ್ದೇ ಈ ಕಥೆಯಲ್ಲ. ಸೈಟೊಮೆಗಾಲೊ ಎಂಬ ಇನ್ನೊಂದು ವೈರಸ್ಸು ಇಂದು ಪ್ರಪಂಚದಲ್ಲಿ ಹೆಚ್ಚು ಮಕ್ಕಳಿಗೆ ಗರ್ಭದಲ್ಲೇ ತಗಲುವ ಸೋಂಕು, ಸುಮಾರು ಇನ್ನೂರು ಮಕ್ಕಳಲ್ಲಿ ಒಬ್ಬರಿಗೆ. ಬಹುತೇಕ ಮಕ್ಕಳಿಗೆ ಏನೂ ಆಗುವುದಿಲ್ಲ. ಕೆಲವರು ಹುಟ್ಟಿದಾಗ ಚೆನ್ನಾಗಿ ಕೇಳಿಸಿಕೊಂಡು, ಆಸ್ಪತ್ರೆಯ ಕಿವಿ ಪರೀಕ್ಷೆಯಲ್ಲೂ ಪಾಸಾಗಿ, ಎರಡು ಮೂರು ವರ್ಷಕ್ಕೆ ಮೆಲ್ಲಗೆ ಶ್ರವಣ ಕಳೆದುಕೊಳ್ಳುತ್ತಾರೆ. ಅದಕ್ಕೆ ಇನ್ನೂ ಲಸಿಕೆ ಇಲ್ಲ. ಬಸುರಿ ತಾಯಿಗೆ ಅದು ಬಹಳ ಸಲ ತನ್ನದೇ ಮೊದಲ ಮಗುವಿನಿಂದ ಬರುತ್ತದೆ. ಜೊಲ್ಲು ಒರೆಸುವಾಗ, ಅದು ತಿಂದು ಬಿಟ್ಟ ತುತ್ತು ತಿನ್ನುವಾಗ, ಮುದ್ದಿಸುವಾಗ. ಪ್ರೀತಿ ಓಡಾಡುವ ದಾರಿಯಲ್ಲೇ ಸೋಂಕೂ ಓಡಾಡುತ್ತದೆ. ಆ ದಾರಿ ಮುಚ್ಚಿ ಯಾವ ಮನೆಯೂ ಬದುಕಲಾರದು.

ನನ್ನ ತಂಗಿ ನನಗೆ ಇನ್ನೊಂದು ವಿಷಯ ಹೇಳಿದ್ದಳು, ಧ್ವನಿ ತಗ್ಗಿಸಿ. ಆ ಡಿಸೆಂಬರಿನಲ್ಲಿ ದದ್ದು ಮೊದಲು ಎದ್ದದ್ದು ಅವಳಿಗಲ್ಲ, ಅಂಗನವಾಡಿಗೆ ಹೋಗುತ್ತಿದ್ದ ಮೂರು ವರ್ಷದ ಮಗನಿಗೆ. ಎರಡು ದಿನ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಎರಡು ಮೂರು ವಾರಕ್ಕೆ ಅವಳಿಗೆ ಬಂತು. ‘ಅವನಿಗೆ ಗೊತ್ತಾಗಬಾರದು ಅಕ್ಕ,’ ಅಂದಿದ್ದಳು. ಗ್ರಹಣದ ಮಾತು ಸುಳ್ಳೆಂದು ಡಾಕ್ಟರು ಹೇಳಿದ ಮೇಲೂ ಅವಳು ಮನೆಯಲ್ಲಿ ಅದನ್ನು ಜೋರಾಗಿ ಅಲ್ಲಗಳೆಯದೇ ಇದ್ದದ್ದು ಏಕೆಂದು ನನಗೆ ಆಗ ಅರ್ಥವಾಯಿತು. ಗ್ರಹಣ ಹೋದರೆ ಆ ಜಾಗಕ್ಕೆ ಮಗ ಬರುತ್ತಾನೆ. ಅವನ ಬದಲು ಆ ಮಾತುಗಳನ್ನು ತಾನೇ ಹೊತ್ತುಕೊಂಡಿದ್ದಳು.

ಕಾರಣ ಗೊತ್ತಾದರೆ ಮನಸ್ಸು ಹಗುರಾಗುತ್ತದೆ ಎಂದು ನಾವು ಸುಲಭವಾಗಿ ಹೇಳುತ್ತೇವೆ. ಕಾರಣ ಒಂದು ಮೂರು ವರ್ಷದ ಮಗುವಿನ ಮುಖ ಹೊತ್ತು ಬಂದರೆ? ನಮ್ಮ ಭಾಷೆಯಲ್ಲಿ ‘ನಿನ್ನಿಂದ ಆಯಿತು’ ಎಂಬ ಮಾತಿಗೆ ಕಾರಣವೆಂಬ ಅರ್ಥವೂ ಇದೆ, ತಪ್ಪೆಂಬ ಅರ್ಥವೂ ಇದೆ. ಎರಡನ್ನೂ ಬಿಡಿಸಿ ಹೇಳಲು ಪದವಿಲ್ಲದೆ ಎಷ್ಟು ಮನೆಗಳು ಒಳಗೊಳಗೇ ಬೆಂದಿವೆಯೋ. ವೈರಸ್ಸಿಗೆ ಉದ್ದೇಶವಿಲ್ಲ, ಮಗುವಿಗೆ ತಿಳಿವಳಿಕೆಯಿಲ್ಲ, ತಾಯಿಗೆ ಸುಳಿವಿಲ್ಲ. ಆದರೂ ಆಗಿದೆ. ಆಗಿದ್ದು ನಿಜ, ಮಾಡಿದವರು ಯಾರೂ ಇಲ್ಲ. ಇದನ್ನು ನುಂಗುವುದು ಕರ್ಮ, ಶಾಪಗಳನ್ನು ನುಂಗುವುದಕ್ಕಿಂತ ಕಷ್ಟ. ಅವುಗಳಲ್ಲಿ ಕಡೇಪಕ್ಷ ಯಾರೋ ಒಬ್ಬರ ಮೇಲೆ ಸಿಟ್ಟಾಗಬಹುದು.

ಸಿಟ್ಟಾಗಲು ನನಗೆ ಒಂದು ಜಾಗವಿದೆ, ಅದನ್ನು ಮುಚ್ಚಿಡುವುದಿಲ್ಲ. ರುಬೆಲ್ಲಾ ವೈರಸ್ಸನ್ನು ಪ್ರಯೋಗಶಾಲೆಯಲ್ಲಿ ಬೇರ್ಪಡಿಸಿದ್ದು 1962ರಲ್ಲಿ, ಅಮೆರಿಕದಲ್ಲಿ ಲಸಿಕೆಗೆ ಪರವಾನಗಿ ಸಿಕ್ಕಿದ್ದು 1969ರಲ್ಲಿ. ನಮ್ಮ ಸರ್ಕಾರಿ ಲಸಿಕೆಯ ಪಟ್ಟಿಗೆ ಅದು ಬಂದದ್ದು 2017ರಲ್ಲಿ. ಉಳ್ಳವರ ಮಕ್ಕಳಿಗೆ ಖಾಸಗಿ ಕ್ಲಿನಿಕ್ಕುಗಳಲ್ಲಿ ಅದು ಅದಕ್ಕೂ ಮೊದಲೇ ಸಿಗುತ್ತಿತ್ತು. ಅರಸೀಕೆರೆಯ ಹಳ್ಳಿಯ ಹುಡುಗಿಗೆ ಸಿಗಲಿಲ್ಲ. ತಡವಾದದ್ದಕ್ಕೆ ಒಂದು ನಿಜವಾದ ಕಾರಣವೂ ಇದೆ. ಈ ಲಸಿಕೆಯನ್ನು ಅರೆಬರೆ ಹಾಕಿದರೆ ಸೋಂಕು ಚಿಕ್ಕ ಮಕ್ಕಳನ್ನು ಬಿಟ್ಟು ಹರೆಯದವರಿಗೆ, ಬಸುರಿಯರಿಗೆ ತಗಲತೊಡಗುತ್ತದೆ. ಗ್ರೀಸ್ ದೇಶದಲ್ಲಿ 1993ರಲ್ಲಿ ಹಾಗೇ ಆಯಿತು. ಹಾಕಿದರೆ ಎಲ್ಲರಿಗೂ, ಗಂಡು ಹೆಣ್ಣೆನ್ನದೆ ಹಾಕಬೇಕು. ಆ ತಯಾರಿಗೆ ಸಮಯ ಬೇಕು ಎಂಬುದನ್ನು ಒಪ್ಪುತ್ತೇನೆ. ನಲವತ್ತೆಂಟು ವರ್ಷ ಬೇಕು ಎಂಬುದನ್ನು ಒಪ್ಪಲಾರೆ. ಸಾವಿನ ಲೆಕ್ಕಕ್ಕೆ ಸೇರದ ಕಾಯಿಲೆ ಇದು, ಹಾಗಾಗಿ ಯಾರಿಗೂ ಅವಸರವಿರಲಿಲ್ಲ.

ಪುಣೆಯಲ್ಲಿ ತಯಾರಾಗಿ ನಮ್ಮ ಶಾಲೆಗಳಿಗೆ ಬರುವ ಈ ಲಸಿಕೆಯ ತಳಿಗೆ ಆರ್‌ಎ 27/3 ಎಂದು ಹೆಸರು. ಫಿಲಡೆಲ್ಫಿಯಾದ ಸ್ಟಾನ್ಲಿ ಪ್ಲಾಟ್ಕಿನ್ 1964ರ ಆ ಸಾಂಕ್ರಾಮಿಕದ ಸಮಯದಲ್ಲಿ ಅದನ್ನು ಬೇರ್ಪಡಿಸಿದರು. ಸೋಂಕಿತ ತಾಯಂದಿರು ಗರ್ಭ ತೆಗೆಸಿಕೊಂಡಾಗ ಅವರಿಗೆ ಬಂದ ಇಪ್ಪತ್ತೇಳನೆಯ ಭ್ರೂಣ, ಅದರ ಮೂರನೆಯ ಅಂಗಾಂಶ. ಹೆಸರಿನಲ್ಲಿರುವ ಅಂಕಿಗಳ ಅರ್ಥ ಅದು. ಇದನ್ನು ತಿಳಿದ ದಿನ ನಾನು ಬಹಳ ಹೊತ್ತು ಏನೂ ಮಾಡದೆ ಕೂತಿದ್ದೆ. ಹುಟ್ಟದೇ ಹೋದ ಒಂದು ಜೀವ, ಅದನ್ನು ಕಳೆದುಕೊಳ್ಳುವ ನಿರ್ಧಾರ ಮಾಡಬೇಕಾಗಿ ಬಂದ ಒಬ್ಬ ತಾಯಿ. ಅವಳ ಹೆಸರಾಗಲಿ ಊರಾಗಲಿ ನನಗೆ ಗೊತ್ತಿಲ್ಲ, ತಿಳಿಯುವ ಅಗತ್ಯವೂ ಇಲ್ಲ. ಆ ಸಂಕಟದಿಂದ ಬಂದದ್ದು ಇವತ್ತು ಕೋಟಿಗಟ್ಟಲೆ ಮಕ್ಕಳ ತೋಳಿನೊಳಗೆ ಹೋಗುತ್ತಿದೆ. ಇದು ಸರಿಯೇ ತಪ್ಪೇ ಎಂದು ವಾದಿಸುವವರಿದ್ದಾರೆ. ನನಗೆ ವಾದ ಹೊಳೆಯುವುದಿಲ್ಲ. ಅವಳಿಗಾಗಿ ಒಂದು ದೀಪ ಹಚ್ಚಬೇಕು ಅನಿಸುತ್ತದೆ.

2017ರ ಫೆಬ್ರವರಿ 5ರಂದು ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ದೇಶದಲ್ಲಿ ಮೊದಲು ಶುರುವಾದದ್ದು ಬೆಂಗಳೂರಿನಿಂದ. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಎಲ್ಲರಿಗೂ. ವಾಟ್ಸ್‌ಆ್ಯಪ್‌ನಲ್ಲಿ ಇಲ್ಲದ ಸುದ್ದಿ ಹಬ್ಬಿ, ಎಷ್ಟೋ ತಂದೆತಾಯಿ ಲಸಿಕೆ ಹಾಕುವ ದಿನ ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ. ನಾನು ಆ ವಾರ ಹಳ್ಳಿಯಲ್ಲಿದ್ದೆ. ಶಾಲೆಯ ಜಗಲಿಯ ಮೇಲೆ ಎರಡು ಮೇಜು, ನೀಲಿ ಬಣ್ಣದ ಐಸ್ ಡಬ್ಬಿ, ಆಶಾ ಕಾರ್ಯಕರ್ತೆಯ ಕೈಯಲ್ಲಿ ಹೆಸರಿನ ಪಟ್ಟಿ. ನನ್ನ ತಂಗಿ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದಳು, ಮಗಳನ್ನೂ ಮಗನನ್ನೂ ಕರೆದುಕೊಂಡು. ಮಗ ಐದನೆಯ ಕ್ಲಾಸು. ‘ಹುಡುಗರಿಗೆ ಯಾಕೆ ಮಿಸ್?’ ಎಂದು ಸಾಲಿನಲ್ಲಿದ್ದವನೊಬ್ಬ ಕೇಳಿದ. ನರ್ಸು ಉತ್ತರ ಕೊಡುವ ಮೊದಲೇ ನನ್ನ ತಂಗಿ, ‘ಮುಂದೆ ಹುಟ್ಟೋ ಪಾಪೂಗೆ ಕಣೋ,’ ಅಂದಳು. ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಅವಳ ಮಗ ನಗಲಿಲ್ಲ, ತೋಳು ಮಡಚಿ ಮುಂದೆ ಬಂದ. ಲಸಿಕೆ ಹಾಕಿದ ಗುರುತಿಗೆ ಎಡಗೈ ಹೆಬ್ಬೆರಳಿಗೆ ಮಾರ್ಕರಿನಲ್ಲಿ ಕಪ್ಪು ಗೆರೆ ಎಳೆದರು. ಅವನ ತಂಗಿಗೂ ಎಳೆದರು. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ತನ್ನ ಹೆಬ್ಬೆರಳನ್ನು ಅಣ್ಣನ ಹೆಬ್ಬೆರಳ ಪಕ್ಕ ಹಿಡಿದು ಗೆರೆಗೆ ಗೆರೆ ಹೊಂದಿಸಿ ನೋಡುತ್ತಿದ್ದಳು.

ಈಗ ಅವಳು ಹೈಸ್ಕೂಲು. ಕನ್ನಡಕ ಇನ್ನೂ ದಪ್ಪವಾಗಿದೆ. ಓದುತ್ತಾಳೆ, ಗಣಿತ ಕಷ್ಟ, ಚಿತ್ರ ಸೊಗಸಾಗಿ ಬರೆಯುತ್ತಾಳೆ. ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾಳೆ, ಗೆಳತಿಯರೊಡನೆ ಕೈಸನ್ನೆಯಲ್ಲಿ ಎಷ್ಟು ಬೇಗ ಮಾತಾಡುತ್ತಾಳೆಂದರೆ ನಮಗೆ ಹಿಂಬಾಲಿಸಲು ಆಗುವುದಿಲ್ಲ. ಅಣ್ಣ ಪಿಯುಸಿಯಲ್ಲಿದ್ದಾಗ ಎಲ್ಲೋ ಓದಿಕೊಂಡು ಬಂದು ಒಂದು ರಾತ್ರಿ ಊಟದ ತಟ್ಟೆಯ ಮುಂದೆ ಕೇಳಿದನಂತೆ: ‘ಆಗ ನನಗೂ ಬಂದಿತ್ತಾ ಅಮ್ಮ?’ ಅಷ್ಟು ವರ್ಷ ಬಚ್ಚಿಟ್ಟದ್ದನ್ನು ಅವಳು ಇನ್ನು ಬಚ್ಚಿಡಲಿಲ್ಲ. ‘ಬಂದಿತ್ತು. ನೀನು ಅಂಗನವಾಡಿಯಿಂದ ತಂದೆ. ಅಂಗನವಾಡಿಗೆ ಇನ್ನೊಂದು ಮಗು ತಂತು, ಅದಕ್ಕೆ ಇನ್ನೊಬ್ಬರು ಕೊಟ್ಟರು. ಹಿಂದೆ ಹಿಂದೆ ಎಲ್ಲಿವರೆಗೆ ಅಂತ ಹೋಗ್ತೀಯ?’ ಅವನು ತಟ್ಟೆ ಬಿಟ್ಟು ಎದ್ದು ಹೋದ. ಅವಳು ಹಿಂದೆ ಹೋಗಲಿಲ್ಲವಂತೆ. ಸ್ವಲ್ಪ ಹೊತ್ತಾದ ಮೇಲೆ ಬಂದು ಕೂತು, ಆರಿದ ಮುದ್ದೆಯನ್ನೇ ತಿಂದನಂತೆ.

ಹೋದ ತಿಂಗಳು ಹೋಗಿದ್ದಾಗ ನೋಟ್‌ಬುಕ್ಕು ತೋರಿಸಿದಳು. ಮೊದಲನೆಯದು ಮುಗಿದಿದೆ, ಅದನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದಾಳೆ. ಎರಡನೆಯದು ತೆರೆದೆ. ಕಣ್ಣಿನ ಒತ್ತಡ, ಸಕ್ಕರೆ, ಥೈರಾಯ್ಡ್, ಮುಂದಿನ ಸಲ ಯಾವ ತಾರೀಖು, ಯಾವ ಬಸ್ಸು, ಎಲ್ಲ ಸಾಲಾಗಿ ಗೆರೆ ಎಳೆದು ಬರೆದಿದೆ. ಅಕ್ಷರ ಅವಳದಲ್ಲ, ಮಗನದು.